ರಾಜಮಹ್ಮದ ಬರೆಯದ ಎಂಟು ಸಾಲು

ಮಂಗಳವಾರ ಮಧ್ಯಾಹ್ನ ಇಳಕಲ್ಲಿನಲ್ಲಿ ರಾಜಮಹ್ಮದ ತೀರಿಕೊಂಡ. ಅರವತ್ತೊಂದು ವರ್ಷ, ಪುಪ್ಪುಸದ ರೋಗ. ಅರ್ಧ ಆಯುಷ್ಯ ಸೀರೆ ನೇಯ್ದ, ಐದು ಕಾದಂಬರಿ ಬರೆದ. ಐದರಲ್ಲೂ ಯಾರೋ ಒಬ್ಬ ದೇವರನ್ನು ಹುಡುಕುತ್ತಾನೆ, ಒಬ್ಬನಿಗೂ ಸಿಗುವುದಿಲ್ಲ. ಓಣಿಯ ಹಿರಿಯರು "ಇವಗ ಈಮಾನ ಇಲ್ಲ, ದೇವರ ಮ್ಯಾಲ ನಂಬಿಕಿ ಇಲ್ಲ" ಅಂದರು. ಸಾಹಿತ್ಯದ ಸಭೆಯವರು "ಸಾಬರಾದ್ರೂ ಕನ್ನಡ ಚೊಲೊ ಬರೀತಾರ" ಎಂದು ಶಾಲು ಹೊದಿಸಿ ಕಳಿಸಿದರು. ಓದಿದವರು ಎರಡೂ ಕಡೆ ಇರಲಿಲ್ಲ.

ಓದುತ್ತಿದ್ದವನು ಗೆಳೆಯ ವಿಜಯಮಹಾಂತೇಶ. ಬಾಗಲಕೋಟೆಯಲ್ಲಿ ಅವನದೊಂದು ಸಣ್ಣ ಪ್ರೆಸ್ಸು. ಡಾಕ್ಟರು ಕೈಚೆಲ್ಲಿದ ದಿನ ರಾಜಮಹ್ಮದ ಐದನೆಯ ಕಾದಂಬರಿಯ ಹಸ್ತಪ್ರತಿ ಕೊಟ್ಟು, "ನಾ ಇರೂದ್ರಾಗ ಅಚ್ಚ ಹಾಕು. ಒಂದಕ್ಷರ ಮುಟ್ಟಬ್ಯಾಡಲೇ" ಎಂದಿದ್ದ.

ಮಹಾಕೂಟದ ಹೊಂಡದ ಬದಿಗೆ ಮೂವತ್ತು ವರ್ಷ ಧ್ಯಾನಕ್ಕೆ ಕೂತ ಮುದುಕನ ಕತೆ ಅದು. ಕೊನೆಯ ವಾಕ್ಯ: 'ಅಲ್ಲಿ ಯಾರೂ ಇರಲಿಲ್ಲ.' ಸಾಯುವ ಗೆಳೆಯ ಈ ಮಾತು ಹೇಳಿ ಹೋಗುವುದು ವಿಜಯಮಹಾಂತೇಶನಿಗೆ ತಾಳಲಾಗಲಿಲ್ಲ. ಮುದುಕನಿಗೆ ಬೆಳಕು ಕಂಡಿತೆಂದು ಎಂಟು ಸಾಲು ತಾನೇ ಸೇರಿಸಿದ. ಅಷ್ಟು ದಣಿದವನು ಕೊನೆಯ ಪುಟದವರೆಗೆ ಎಲ್ಲಿ ಓದುತ್ತಾನೆ ಅಂದುಕೊಂಡ.

ರಾಜಮಹ್ಮದ ನೇಕಾರ. ಸೀರೆಯಾಗಲಿ ಪುಸ್ತಕವಾಗಲಿ, ಸೆರಗಿನಿಂದಲೇ ನೋಡುವವನು. ವಿಜಯಮಹಾಂತೇಶ ಮುನ್ನೂರು ಪ್ರತಿ ಮನೆಗೆ ತಂದ ಕೂಡಲೇ ಒಂದನ್ನು ತೆಗೆದು ಕೊನೆಯ ಪುಟ ತೆರೆದ.

"ಒಡಲ ನಂದು. ಸೆರಗ ಯಾರದಲೇ?"

"ನಿನಗ ಸಮಾಧಾನ ಆಗ್ಲಿ ಅಂತ..."

"ನನಗೋ, ನಿನಗೋ?"

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೂಡಿಸುವುದಕ್ಕೆ ತೆನಿ ಹಾಕುವುದು ಅನ್ನುತ್ತಾರೆ. "ತೆನಿ ಭಾಳ ಚಂದ ಹಾಕೀಯಪಾ. ಗಂಟ ಕಾಣೂದ ಇಲ್ಲ" ಎಂದು ಅವನು ನಕ್ಕ. ಆ ನಗೆಗಿಂತ ಒಂದು ಏಟು ಹೊಡೆದಿದ್ದರೇ ಮೇಲಿತ್ತು.

"ಅಣ್ಣಾರ," ಹೆಂಡತಿ ಅಮೀನಬಿ ಬಾಗಿಲಲ್ಲೇ ನಿಂತು ಅಂದಳು, "ನಲವತ್ತ ವರ್ಷ ನಾನೂ ಇವರ ಕೂಡ ಜಗಳಾಡೀನಿ. ಬರದದ್ದ ಮಾತ್ರ ಮುಟ್ಟಿಲ್ರಿ."

"ಹೊಸದಾಗಿ ಅಚ್ಚ ಹಾಕ್ತೇನಿ. ಹದಿನೈದ ದಿನ ಕೊಡು."

"ಹದಿನೈದ ದಿನ ಎಲ್ಲಿಂದ ತರ್ಲಿ? ಕರೀ ಪೆನ್ನ ಕೊಡು."

ದಿಂಬಿಗೆ ಒರಗಿ, ಪ್ರತಿಯೊಂದು ಪುಸ್ತಕದಲ್ಲೂ ಆ ಎಂಟು ಸಾಲು ಹೊಡೆದುಹಾಕತೊಡಗಿದ. ಮೂರು ದಿನ. ವಿಜಯಮಹಾಂತೇಶ ಕೊನೆಯ ಪುಟ ತೆರೆದು ತೆರೆದು ಕೊಟ್ಟ. ಕ್ಷಮಿಸಿದೆ ಅಂತ ಒಂದು ಮಾತು ಬರಬಹುದೆಂದು ಕಾದ, ಬರಲಿಲ್ಲ. ಮಂಗಳವಾರ ಗೆಳೆಯನ ಬೆರಳು ಪೆನ್ನಿಗೆ ನಿಲ್ಲದಾದಾಗ, "ತಾ ಇಲ್ಲೆ, ನಾ ಹೊಡೀತೇನಿ" ಎಂದ.

"ನೀ ಪುಸ್ತಕ ಹಿಡಿ."

ರಾಜಮಹ್ಮದ ಎಂಟನೆಯ ಸಾಲಿನ ಮೇಲೆ ಗೆರೆ ಎಳೆದ. ಮಸಿ ಆರಲೆಂದು ಊದಿದ. ಮುಂದಿನ ಪ್ರತಿಗೆ ಕೈ ಚಾಚಿದ.