ಮಿಡಿ ಆರಿಸುವ ಪ್ರೋಗ್ರಾಮು

ಎಂಬತ್ತರ ದಶಕದ ಮಧ್ಯದಲ್ಲಿ ನಾನು ಸಾಫ್ಟ್‌ವೇರ್ ವಿಷಯದಲ್ಲಿ ಎಂ.ಟೆಕ್. ಓದುತ್ತಿದ್ದೆ. ಅನುಭವಸ್ಥರೊಬ್ಬರು ತೀರ್ಮಾನ ಮಾಡುವ ಬಗೆಯನ್ನು ನಿಯಮಗಳಾಗಿ ಬರೆದು ಕಂಪ್ಯೂಟರಿಗೆ ಕಲಿಸುವುದು ಆ ಸೆಮಿಸ್ಟರಿನ ಪ್ರಾಜೆಕ್ಟು. ಸಹಪಾಠಿಗಳೆಲ್ಲ ಡಾಕ್ಟರುಗಳ ಬೆನ್ನು ಬಿದ್ದರು. ನಾನು ಹೊಸನಗರದ ಅತ್ತೆಯ ಮನೆಗೆ ಹೋದೆ. ಉಪ್ಪಿನಕಾಯಿಗೆ ಅಪ್ಪೆಮಿಡಿ, ಅಂದರೆ ಮಲೆನಾಡಿನ ಎಳೆ ಮಾವಿನಕಾಯಿ, ಆರಿಸುವುದರಲ್ಲಿ ಅವಳು ಊರಿಗೇ ಹೆಸರಾದವಳು.

ತೊಟ್ಟು ಎಷ್ಟುದ್ದ ಇರಬೇಕು, ಸೊನೆ ಎಷ್ಟು ಚಿಮ್ಮಬೇಕು, ಗೊರಟು ಬಲಿತಿದ್ದರೆ ಏನು ಮಾಡಬೇಕು ಎಂದೆಲ್ಲ ಎರಡು ದಿನ ಕೇಳಿ ನಿಯಮ ಬರೆದುಕೊಂಡೆ. ಮೂರನೆಯ ದಿನ ಪರೀಕ್ಷೆ. ಕಂಪ್ಯೂಟರು ಕಾಲೇಜಿನಲ್ಲಿತ್ತು, ಹಾಗಾಗಿ ಅದರ ಬದಲು ನಾನೇ ಹಾಳೆ ನೋಡಿ ಪ್ರಶ್ನೆ ಕೇಳಿದೆ. ಅವಳು ಒಂದು ಮಿಡಿಯನ್ನು ಕೈಯಲ್ಲಿ ಹಿಡಿದು ಹೌದು, ಅಲ್ಲ ಎನ್ನುತ್ತ ಹೋದಳು. ಕೊನೆಗೆ ನಾನು “ಇದು ಬೇಡ” ಎಂದೆ. ಅಷ್ಟರಲ್ಲಿ ಅವಳು ಅದನ್ನು ಉಪ್ಪಿನ ಭರಣಿಗೆ ಹಾಕಿಯಾಗಿತ್ತು.

ಅವಳದೇ ಉತ್ತರಗಳ ಪ್ರಕಾರ ಅದು ಬೇಡವಾದ ಮಿಡಿ ಎಂದು ನೆನಪಿಸಿದೆ.

“ನೀ ಕೇಳಿದ್ದಕ್ಕೆಲ್ಲ ನಾ ಹೇಳಿದ್ದಿ,” ಎಂದಳು ಅತ್ತೆ. “ಮಿಡಿ ಚೊಲೋ ಇದ್ದಾ ಅಂತ ನೀ ಕೇಳಿದ್ದೇ ಇಲ್ಲೆ.”

ವರದಿಯಲ್ಲಿ ಅದನ್ನು ತಜ್ಞರ ತಪ್ಪು ಎಂದು ಬರೆದೆ. ಒಳ್ಳೆಯ ಅಂಕ ಬಂತು.