ನಕ್ಷತ್ರ ಎಣಿಸುವ ಮೇಷ್ಟ್ರು
ಚನ್ನರಾಯನದುರ್ಗದ ನಿವೃತ್ತ ಮೇಷ್ಟ್ರು ನರಸಿಂಹರಾಜು ನೀರನ್ನು ಸೋಸಿ ಕುಡಿದರೆ ಸಾಲದು, ಸೋಸಿದವರು ಯಾರೆಂದು ವಿಚಾರಿಸಿಯೇ ಕುಡಿಯುವವರು. ಜನಪದದ ವೆಬ್ ಪತ್ರಿಕೆ ನಡೆಸುವ ಮಧುಶ್ರೀ ಅವರಿಗೊಂದು ಪುಟ್ಟ ಬರವಣಿಗೆ ಸಲಕರಣೆ ತೋರಿಸಿಕೊಟ್ಟಳು: ಬರಿಯ ಅಕ್ಷರ ಟೈಪ್ ಮಾಡಿ, ಪದದ ಆಚೀಚೆ ಎರಡೆರಡು ನಕ್ಷತ್ರ ಚಿಹ್ನೆ (*) ಹಾಕಿದರೆ ಪುಟದಲ್ಲಿ ಆ ಪದ ದಪ್ಪಗೆ ಮೂಡುತ್ತದೆ. “ನಕ್ಷತ್ರ ಎಲ್ಲಿಗೋದ್ವು ಕಣಮ್ಮ?” ಎಂದರು ಮೇಷ್ಟ್ರು. “ಅಡಗಿರ್ತವೆ ಸಾರ್,” ಎಂದಳು ಅವಳು. “ತಪ್ಪು ಮಾಡ್ದೋರು ತಾನೆ ಅಡಗೋದು?” ಅಂದಿನಿಂದ ಹಾಕಿದ ನಕ್ಷತ್ರಗಳನ್ನು ಬೆರಳು ಮಡಚಿ ಎಣಿಸುತ್ತಾರೆ, ಪುಟ ತೆರೆದು ದಪ್ಪ ಪದಗಳನ್ನೂ ಎಣಿಸುತ್ತಾರೆ, ನಾಲ್ಕು ನಕ್ಷತ್ರಕ್ಕೊಂದು ಪದ ತಾಳೆಯಾದರೂ ಮುಖದ ಬಿಗಿ ಸಡಿಲುವುದಿಲ್ಲ. ಸಲಕರಣೆ ಪುಕ್ಕಟೆ ಎಂದು ತಿಳಿದ ದಿನ ಅನುಮಾನ ಇಮ್ಮಡಿಯಾಯಿತು. ಈಗ ಬರೆದದ್ದನ್ನೆಲ್ಲ ನೋಟ್‌ಬುಕ್ಕಿಗೂ ಇಳಿಸಿ, ಅಲ್ಲೂ ಪೆನ್ನಿನಿಂದ ನಕ್ಷತ್ರ ಬಿಡಿಸುತ್ತಾರೆ. ಮಧುಶ್ರೀ ನಗುತ್ತಾಳೆ. ಆದರೆ ಮೇಷ್ಟ್ರು ಒಂದನ್ನು ಮರೆತಿಲ್ಲ. ತಾಯಿ ಕದರಮ್ಮ ಹೇಳಿಕೊಟ್ಟ ಇನ್ನೂರು ಸೋಬಾನೆ ಪದಗಳನ್ನು ಹಿಂದೆ ಯಾವುದೋ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು. ಕಂಪ್ಯೂಟರ್ ಬದಲಾಯಿತು, ಆ ಫಾಂಟು ಎಲ್ಲೂ ಸಿಗಲಿಲ್ಲ. ಫೈಲು ತೆರೆದರೆ ಹಾಡುಗಳಿದ್ದಲ್ಲೆಲ್ಲ ಕಲಸುಮೇಲೋಗರದ ಗುರುತುಗಳು. ಅಷ್ಟರಲ್ಲಿ ಹಾಡಿದಾಕೆಯೂ ತೀರಿಹೋಗಿದ್ದಳು. ನೆನಪಿಗೆ ಬಂದ ಹನ್ನೊಂದೇ ಹಾಡುಗಳನ್ನು ಈಗ ಈ ಸಲಕರಣೆಯಲ್ಲಿ ಬರೆದಿಟ್ಟಿದ್ದಾರೆ. ಪುಟದ ತಲೆಯಲ್ಲಿ ಕದರಮ್ಮನ ಹೆಸರು, ಆಚೀಚೆ ಎರಡೆರಡು ನಕ್ಷತ್ರ. ದಿನಾ ಬೆಳಿಗ್ಗೆ ಎದ್ದವರೇ ಅದನ್ನು ತೆರೆದು ನೋಡುತ್ತಾರೆ. “ಅವ್ವ ಇಲ್ಲೇ ಅವ್ಳೆ” ಎಂದ ಮೇಲೆಯೇ ಕಾಫಿ.