ರಕ್ತ ಹೇಳಿದ ಚಾಡಿ

ಈ ಜನ್ಮದಲ್ಲಿ ನನ್ನ ಮೇಲೆ ಚಾಡಿ ಹೇಳಿದವರು ಬಹಳ ಮಂದಿ. ಆದರೆ ನನ್ನ ರಕ್ತವೇ ನನ್ನ ಮೇಲೆ ಚಾಡಿ ಹೇಳೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅದೂ ನಾನೇ ಉಣಿಸಿ ತಿನಿಸಿ ಬೆಳೆಸಿದ ರಕ್ತ! ಇನ್ನು ಯಾರನ್ನು ನಂಬಬೇಕು, ನೀವೇ ಹೇಳಿ.

ಮೊದಲು ಹೊಟ್ಟೆಯ ವಿಷಯ ಹೇಳಿಬಿಡುತ್ತೇನೆ. ನಾನು ಮುಚ್ಚಿಟ್ಟರೂ ಅಂಗಿಯ ಗುಂಡಿ ಅದನ್ನು ಮುಚ್ಚಿಡುವುದಿಲ್ಲ. ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ನನಗೆ ನಲವತ್ತೈದು ದಾಟುವಷ್ಟರಲ್ಲಿ ಒಂದು ಹೊಟ್ಟೆ ಬಂದಿತ್ತು. ನಮ್ಮ ಕಡೆ ಹೊಟ್ಟೆಗೆ ಮೊದಲಿನಿಂದಲೂ ಒಂದು ಮರ್ಯಾದೆ ಇದೆ. ನನಗೆ ಹೆಣ್ಣು ಕೊಡುವಾಗ, ಹುಡುಗ ಕಡ್ಡಿಯ ಹಾಗಿದ್ದಾನೆ, ಉಂಡುಟ್ಟ ಮನೆತನ ಹೌದೋ ಅಲ್ಲವೋ ಎಂದು ನಮ್ಮ ಮಾವನವರಿಗೆ ಅನುಮಾನ ಬಂದಿತ್ತಂತೆ. ಆ ಅನುಮಾನವನ್ನು ಅವರ ಮಗಳು ಸುಮಿತ್ರಾ ಇಪ್ಪತ್ತು ವರ್ಷ ಬಿಡದೆ ತುಪ್ಪ ಹಾಕಿ ಹಾಕಿ ನಿವಾರಿಸಿದ್ದಳು. ಹೀಗಾಗಿ ನನ್ನ ಹೊಟ್ಟೆ ನನ್ನೊಬ್ಬನದಲ್ಲ, ಎರಡು ಮನೆತನಗಳ ಮಾನ ಅದರಲ್ಲಿತ್ತು.

ಈ ಮಾನಕ್ಕೆ ಟೇಪು ಹಿಡಿದವಳು ಶೈಲಾ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು. ಸಪ್ತಾಪುರದ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಗದಗ ಕಡೆಯ ಹುಡುಗಿ. ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನನಗೆ ಕಾಕಾ, ಸುಮಿತ್ರಾಗೆ ಕಾಕೂ ಎನ್ನುತ್ತ ಮನೆಯವಳೇ ಆಗಿಹೋಗಿದ್ದಳು. ಒಂದು ದಿನ ಬಂದು, “ಕಾಕಾ, ನಿಮ್ಮ ನಡಾ ಅಳೀಲೇನ್ರಿ?” ಎಂದಳು. ಅಳೆದಳು. ಅಳೆದು, ಬಂಗಾರ ಸಿಕ್ಕವರ ಹಾಗೆ ಹಿಗ್ಗಿದಳು. ಅವಳ ಸಂಶೋಧನೆಗೆ ನನ್ನಂಥವನೇ ಬೇಕಾಗಿತ್ತು.

ನನಗಿರುವುದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರಿದೆಯೆಂದು ಆವತ್ತು ತಿಳಿಯಿತು. ಸೊಂಟ ಸ್ವಲ್ಪ ದಪ್ಪ, ಬಿ.ಪಿ. ಸ್ವಲ್ಪ ಹೆಚ್ಚು, ಸಕ್ಕರೆ ಸ್ವಲ್ಪ ಮೇಲೆ, ರಕ್ತದಲ್ಲಿ ಕೊಬ್ಬು ಸ್ವಲ್ಪ ಜಾಸ್ತಿ. ಒಬ್ಬೊಬ್ಬರನ್ನೇ ನೋಡಿದರೆ ಯಾರೂ ದೊಡ್ಡ ಕಳ್ಳರಲ್ಲ. ನಾಲ್ವರೂ ಒಂದೇ ಕಟ್ಟೆಯ ಮೇಲೆ ಕೂಡತೊಡಗಿದರೆ ಮಾತ್ರ ಊರಿಗೆ ಆಪತ್ತು. ಇವರ ಮಸಲತ್ತು ಮೊದಲೇ ಗೊತ್ತಾಗುವುದು ರಕ್ತದಲ್ಲಿನ ಕೆಲವು ಪ್ರೋಟೀನುಗಳಿಂದ ಎಂದು ಶೈಲಾ ಹೇಳಿದಳು. ಮೈಯೊಳಗೆ ಸುಳಿವಿಲ್ಲದೆ ಉರಿ ಹತ್ತಿದ್ದರೆ ಲಿವರು ಹೆಚ್ಚು ಹೆಚ್ಚಾಗಿ ಹೊರಬಿಡುವ ಪ್ರೋಟೀನು ಒಂದು. ನಮ್ಮನ್ನು ಕಾಯುವಂಥದು ಇನ್ನೊಂದು. ಅದನ್ನು ತಯಾರಿಸುವುದು ಕೊಬ್ಬೇ ಆದರೂ ಕೊಬ್ಬು ಬೆಳೆದಷ್ಟೂ ಅದು ಕಡಿಮೆಯಾಗುತ್ತದಂತೆ. ಮೂರನೆಯದರ ಕೆಲಸ ಮಿದುಳಿಗೆ ‘ಸಾಕು, ಏಳು’ ಎಂದು ಹೇಳುವುದು. ನನ್ನಂಥವರಲ್ಲಿ ಅದು ಬೇಕಾದಷ್ಟಿದ್ದರೂ ಮಿದುಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಸುಮಿತ್ರಾ ಅಡಿಗೆಮನೆಯಿಂದ ಕರೆದಾಗ ನಾನು ಪೇಪರಿನಲ್ಲಿ ಮುಖ ಹುದುಗಿಸಿ ಕೂಡುತ್ತೇನಲ್ಲ, ಹಾಗೆ.

ನಮ್ಮ ಹಿಂದಿನ ವೈದ್ಯರು ಪುಣ್ಯವಂತರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತಿದವೇ ಎಂದು ನೋಡಿ ಸಿಹಿಮೂತ್ರ ರೋಗ ಗುರುತಿಸುತ್ತಿದ್ದರು. ಇರುವೆಗಳಾದರೂ ಪಾಪ, ಬಂದವು, ಹೋದವು. ನಿನ್ನೆ ಏನು ತಿಂದಿ, ಮೊನ್ನೆ ಏನು ತಿಂದಿ ಎಂದು ಕೆದಕುವ ಸ್ವಭಾವ ಅವಕ್ಕಿರಲಿಲ್ಲ. ಈ ಪ್ರೋಟೀನುಗಳು ಹಾಗಲ್ಲ.

ಶೈಲಾಳ ಯೋಜನೆ ಸರಳವಾಗಿತ್ತು. ಕೆಲಗೇರಿ ಕೆರೆಯ ದಂಡೆಯ ಮೇಲೆ ದಿನಾ ಬೆಳಿಗ್ಗೆ ತಿರುಗಾಡುವ ನಮ್ಮ ಎಂಟು ಜನರ ಗುಂಪಿನ ರಕ್ತ ತೆಗೆಯುವುದು. ಆರು ತಿಂಗಳು ಬಿರುಸು ನಡಿಗೆ, ಮನೆಯಲ್ಲಿ ಅರ್ಧ ಊಟ. ಆಮೇಲೆ ಮತ್ತೆ ರಕ್ತ ತೆಗೆದು, ಪ್ರೋಟೀನುಗಳು ಎಷ್ಟು ಸುಧಾರಿಸಿವೆ ನೋಡುವುದು. ದಿನಾ ತಿಂದದ್ದನ್ನು ಬರೆದಿಡಲು ಎಂಟು ನೋಟಬುಕ್ಕು ತಂದಳು. “ಗಂಡಸರ ಕೈಯಾಗ ಕೊಟ್ರ ಸುಳ್ಳು ಬರೀತಾರ,” ಎಂದು ಎಂಟನ್ನೂ ನಮ್ಮ ಹೆಂಡಂದಿರ ಕೈಗೆ ಕೊಟ್ಟಳು. ಬಡಿಸುವವರು ಅವರು, ಎಷ್ಟು ಬಡಿಸಿದೆವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸುಮಿತ್ರಾ ದಿನಾ ರಾತ್ರಿ ಕನ್ನಡಕ ಹಾಕಿಕೊಂಡು ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದಳು: ರೊಟ್ಟಿ ನಾಲ್ಕರ ಬದಲು ಎರಡು, ಅನ್ನ ಒಂದೇ ಮುಟಿಗೆ, ತುಪ್ಪ ಇಲ್ಲ.

ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಕೆರೆಯಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಗಾಡಿ ಇತ್ತು.

ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿ ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಬಿಸಿ ಸೂಸಲಾ, ಮೇಲೆ ಶೇಂಗಾ, ಪಕ್ಕದಲ್ಲಿ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ. ಗುಂಪಿನ ಹಿರಿಯರು ಅರಳೆ ವ್ಯಾಪಾರದ ಅಂಗಡಿ ಸಾವಕಾರರು. ಅವರು ತಾವೇ ಪ್ಲೇಟು ಹಿಡಿದು “ತಗೋರಿ ಸರ” ಎಂದರೆ ಒಲ್ಲೆ ಎನ್ನುವುದು ಹೇಗೆ? ನಮ್ಮ ಕಡೆ ಕೈಗೆ ಬಂದ ಪ್ಲೇಟು ತಿರುಗಿ ಕೊಟ್ಟರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಮರುದಿನ ನಾನು ಅವರಿಗೆ ಕೊಡಿಸದಿದ್ದರೆ ನನಗೆ ಮರ್ಯಾದೆಯಿಲ್ಲ. ಹೀಗೆ ಎಂಟು ಜನ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಆರು ತಿಂಗಳು ಕಳೆದೆವು. ಮನೆಯಲ್ಲಿ ಅರ್ಧ ಹೊಟ್ಟೆ ಉಣ್ಣುತ್ತಿದ್ದರಿಂದ ಹಸಿವೂ ಜೋರಾಗಿಯೇ ಇರುತ್ತಿತ್ತು. ನಾವು ಸುಳ್ಳು ಹೇಳಲಿಲ್ಲ, ನೆನಪಿರಲಿ. ನಮ್ಮನ್ನು ಯಾರೂ ಕೇಳಲೇ ಇಲ್ಲ.

ಆರು ತಿಂಗಳ ಮೇಲೆ ಶೈಲಾ ರಕ್ತ ತೆಗೆದಳು. ಒಂದು ವಾರ ಕೆಳಗೆ ಇಳಿಯಲಿಲ್ಲ. ಇಳಿದಾಗ ಮುಖ ಬಾಡಿತ್ತು.

“ಎಂಟೂ ಮಂದೀದು ಹಂಗ ಐತ್ರಿ ಕಾಕಾ. ಇಬ್ಬರದಂತೂ ಏರೇತಿ. ಮೂರು ಸಲ ಮಾಡಿ ನೋಡಿದೆ. ನಿನ್ನ ಕೈಯಾಗನ ಏನೋ ತಪ್ಪೈತಿ ಅಂತಾರ್ರಿ ನಮ್ಮ ಗೈಡ್ ಸರು.” ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು. “ಇರಬೇಕ್ರಿ. ನನಗಿದು ಆಗೂದಿಲ್ಲ. ಈ ತಿಂಗಳಿಗೆ ಖೋಲಿ ಬಿಟ್ಟು ನಮ್ಮೂರ ಸಾಲ್ಯಾಗ ಕಲಿಸಾಕ ಹೊಕ್ಕೇನಿ.”

ಮರುದಿನ ಕೆರೆಯ ದಂಡೆಯಲ್ಲಿ ವಿಷಯ ತೆಗೆದೆ. ಅಂಗಡಿ ಸಾವಕಾರರು ಮಿರ್ಚಿ ಮುರಿಯುತ್ತ, “ಸರ, ನೀವು ಬಾಯಿ ಬಿಟ್ರಿ ಅಂದ್ರ ಎಂಟು ಮನ್ಯಾಗ ಬೆಂಕಿ ಹತ್ತತೈತಿ ನೋಡ್ರಿ,” ಎಂದರು. ಉಳಿದ ಆರು ಜನ ತಲೆಯಾಡಿಸಿದರು. ಖರೇ ಹೇಳಬೇಕೆಂದರೆ ನನಗೂ ಧೈರ್ಯವಿರಲಿಲ್ಲ. ಆದರೆ ಹುಡುಗಿಯನ್ನು ಹಾಗೆ ಕಳಿಸುವುದೂ ಆಗದು. ಆಗ ನನಗೆ ಒಂದು ಉಪಾಯ ಹೊಳೆಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಕೇಳಿ.

“ಶೈಲಾ, ನಿಮ್ಮ ಕಾಕೂ ಹೊರಗ ಏನೂ ಮುಟ್ಟೂದಿಲ್ಲ,” ಎಂದೆ. “ಆಕಿ ರಕ್ತಾ ಒಮ್ಮೆ ನೋಡು. ಅದು ಛಲೋ ಬಂತಂದ್ರ ನಿನ್ನ ಕೈ ಸರಿ ಐತಿ ಅಂತ ಆತಲ್ಲ?” ಅವಳ ಕಣ್ಣು ಅರಳಿದವು. ಪರದೇಶದಿಂದ ತರಿಸಿದ ಪರೀಕ್ಷೆಯ ಕಿಟ್ಟಿನಲ್ಲಿ ಇನ್ನೊಬ್ಬರಿಗಾಗುವಷ್ಟು ಉಳಿದಿತ್ತು. ಸುಮಿತ್ರಾ ಕೇಳಿದ ಕೂಡಲೇ ಸೆರಗು ಸರಿಸಿ ತೋಳು ಚಾಚಿದಳು. ಅಂದರೆ ನನ್ನ ಮಾನ ಉಳಿಸಿಕೊಳ್ಳಲು ನಾನು ಹೆಂಡತಿಯ ರಕ್ತ ಹರಿಸಿದೆ.

ಮೂರನೆಯ ದಿನ ಸಂಜೆ ಶೈಲಾ ಕಾಗದ ಹಿಡಿದು ಬಂದು ನಮ್ಮ ಬಾಗಿಲ ಮುಂದಿನ ಪಾವಟಿಗೆಯ ಮೇಲೆ ಕುಸಿದಳು. “ಕಾಕೂದು ಕಾಕಾನಕಿಂತ ಕೆಟ್ಟ ಬಂದೈತ್ರಿ. ನನ್ನ ಕೈಯಽ ಖೊಟ್ಟಿ,” ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಸುಮಿತ್ರಾ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಓಡಿ ಬಂದಳು. “ಏ ಹುಚ್ಚೀ, ಅಳಬ್ಯಾಡ. ನಿನ್ನ ಕೈ ಬರೋಬ್ಬರಿ ಐತಿ,” ಎಂದಳು. “ಆರು ತಿಂಗಳಾತು, ಇವರ ತಾಟಿನಾಗ ಕಡಿಮಿ ಮಾಡಿದ್ದೆಲ್ಲಾ ನಾನ ಉಂಡೇನಿ. ಇಷ್ಟು ವರ್ಷದ ಕೈ ಅಳತಿ, ನಾಕು ರೊಟ್ಟಿ ಬಡಿಯೋ ಕೈಗೆ ಎರಡು ಬಡಿಯಾಕ ಬರೂದಿಲ್ಲ. ಉಳಿದದ್ದು ಚೆಲ್ಲಾಕ ಮನಸು ಬರಲಿಲ್ಲ. ನಿಂತ ನಿಂತ ತಿಂದು ಮುಗಿಸ್ತಿದ್ದೆ, ತುಪ್ಪಾ ಸುದ್ದಾ.”

“ಮತ್ತ ಬರೀಲಿಲ್ಲ ಯಾಕ ಕಾಕೂ?”

“ನೀ ಕೊಟ್ಟ ನೋಟಬುಕ್ಕಿನ ಮ್ಯಾಲೆ ಇವರ ಹೆಸರಿತ್ತಲ್ಲವಾ. ನಾ ಏನ್ ಉಂಡೆ ಅಂತ ಯಾರ್ ಕೇಳ್ಯಾರ?”

ಎಷ್ಟು ಸಲೀಸಾಗಿ ಒಪ್ಪಿಕೊಂಡಳು ನೋಡಿ! ಅವಳದು ತಪ್ಪೇ ಅಲ್ಲ. ತಪ್ಪೆಲ್ಲ ಮಾಡಿದ ನಾನು ಆರು ಜನರ ತಲೆಯಾಟ ನೋಡಿ ಸುಮ್ಮನಾಗಿದ್ದೆ. ನನಗೆ ತಡೆಯಲಾಗಲಿಲ್ಲ. ಗಾಡಿ, ಸೂಸಲಾ, ಮಿರ್ಚಿ, ಸಾವಕಾರರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಸುಮಿತ್ರಾ ನನ್ನನ್ನೇ ನೋಡಿದಳು. “ದಿನಾನೂ ಏನ್ರಿ?”

“ಅಮಾಸಿಗೆ ಗಾಡಿ ಹಚ್ಚತಿದ್ದಿಲ್ಲ,” ಎಂದೆ.

ಶೈಲಾಗೆ ಅಳುವಿನ ನಡುವೆಯೇ ನಗು ಬಂತು. ಆಮೇಲೆ ಕಣ್ಣೊರೆಸಿಕೊಂಡು, “ಹಂಗಾರ ಎಲ್ಲಾ ಖರೇನ ಹೇಳೇತ್ರಿ ರಕ್ತಾ,” ಎಂದು ಮೇಲಿನ ಖೋಲಿಗೆ ಎರಡೆರಡು ಮೆಟ್ಟಿಲು ಹಾರಿ ಓಡಿದಳು. ಸಾವಕಾರರು ಹೇಳಿದ ಹಾಗೆಯೇ ಎಂಟೂ ಮನೆಗಳಲ್ಲಿ ಬೆಂಕಿ ಹತ್ತಿತು. ಎಂಟೂ ಜನ ತಪ್ಪೊಪ್ಪಿಗೆ ಬರೆದು ಸಹಿ ಮಾಡಿಕೊಟ್ಟೆವು. ಸಾವಕಾರರು ಸಹಿ ಮಾಡುವ ಮುಂಚೆ ಕೊನೆಯದೊಂದು ಮಿರ್ಚಿ ತಿಂದರು ಎಂಬ ಸುದ್ದಿ ಇದೆ. ಮುಂದೆ ಮೂರು ತಿಂಗಳು ಗಾಡಿಯ ಕಡೆ ತಿರುಗಿ ನೋಡದೆ ನಡೆದು ರಕ್ತ ಕೊಟ್ಟಾಗ ಪ್ರೋಟೀನುಗಳೂ ಸುಧಾರಿಸಿ ನಮ್ಮ ಮಾತು ಕೇಳಿದ್ದವು. ಶೈಲಾಳ ಗೈಡು ತಮ್ಮ ಮಾತು ಹಿಂದಕ್ಕೆ ತೆಗೆದುಕೊಂಡರು. ಮನೆಯವರು ಬರೆದದ್ದಕ್ಕೂ ರಕ್ತ ಹೇಳಿದ್ದಕ್ಕೂ ಇರುವ ಅಂತರದ ಮೇಲೆಯೇ ಅವಳು ಒಂದು ಅಧ್ಯಾಯ ಬರೆದು ಡಾಕ್ಟರೇಟು ಪಡೆದಳು.

ಇದೆಲ್ಲ ಸರಿ. ಆದರೆ ಸುಮಿತ್ರಾ ಅಂದ ‘ಯಾರ್ ಕೇಳ್ಯಾರ’ ಎಂಬ ಒಂದು ಮಾತು ನನ್ನನ್ನು ಬಿಡಲಿಲ್ಲ. ನಾನು ಅರಸರ ಔತಣದ ಮೇಲೆ ತಾಸುಗಟ್ಟಲೆ ಪಾಠ ಹೇಳುವವನು, ನನ್ನದೇ ಮನೆಯಲ್ಲಿ ನನ್ನ ನಂತರ ಉಣ್ಣಲು ಕೂಡುವವಳ ತಾಟಿನಲ್ಲಿ ಏನಿರುತ್ತದೆಂದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಒಂದು ದಿನ ಕಾಲೇಜಿನಿಂದ ಬಂದವನು ಚಪ್ಪಲಿ ಬಿಡುವ ಮುಂಚೆಯೇ ಕೇಳಿಬಿಟ್ಟೆ: “ಇವತ್ತ ಮಧ್ಯಾಹ್ನ ನೀ ಏನ್ ಉಂಡಿ?”

ಸುಮಿತ್ರಾ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದು, ನನ್ನ ಹಣೆ ಮುಟ್ಟಿ ನೋಡಿದಳು.

“ಯಾಕ್ರಿ, ಆರಾಮ ಇಲ್ಲೇನು?” ಎಂದಳು.